ನೀರಿನೊಳಗಿನ ಫೋಟೊದಲ್ಲಿ ಬಿಳಿ ಚುಕ್ಕೆಗಳ ಕಾಟವೇ? ದುಬಾರಿ ಲೈಟ್ ಕೊಳ್ಳುವ ಮುನ್ನ ಇದನ್ನು ಓದಿ

ಪುಣೆ: ಮಳೆಗಾಲದ ರಾತ್ರಿ ತಾಮ್ಹಿಣಿ ಘಾಟ್‌ನಲ್ಲೋ ಖಂಡಾಲಾದಲ್ಲೋ ಕಾರು ಓಡಿಸಿದವರಿಗೆ ಈ ಅನುಭವ ಆಗಿಯೇ ಇರುತ್ತದೆ. ಮಂಜು ಕವಿದಿದೆ, ರಸ್ತೆ ಸರಿಯಾಗಿ ಕಾಣುತ್ತಿಲ್ಲ ಎಂದು ಹೈಬೀಮ್ ಹಾಕಿದರೆ ರಸ್ತೆ ಇನ್ನಷ್ಟು ಮರೆಯಾಗುತ್ತದೆ. ಕಣ್ಣೆದುರು ಬಿಳಿ ಗೋಡೆ ಎದ್ದಂತಾಗುತ್ತದೆ. ಲೋ ಬೀಮ್‌ಗೆ ಇಳಿಸಿದ ಮೇಲೆಯೇ ರಸ್ತೆಯ ಅಂಚು ಕಾಣುವುದು.

ರಜೆ ಸಿಕ್ಕಾಗ ಮಾಲ್ವಣ್‌ಗೋ ಮುರುಡೇಶ್ವರದ ನೇತ್ರಾಣಿಗೋ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದವರ ಮೊಬೈಲ್ ಗ್ಯಾಲರಿಯಲ್ಲೂ ಇದೇ ಮಂಜು ಇರುತ್ತದೆ. ಮೀನು ಎಲ್ಲೋ ಹಿಂದೆ ಮಸುಕಾಗಿದೆ, ಅದರ ಮುಂದೆ ಹಿಮ ಸುರಿದಂತೆ ನೂರಾರು ಬಿಳಿ ಚುಕ್ಕೆಗಳು. ಛಾಯಾಗ್ರಹಣದ ಭಾಷೆಯಲ್ಲಿ ಇದರ ಹೆಸರು ಬ್ಯಾಕ್‌ಸ್ಕ್ಯಾಟರ್. ಅಂದರೆ ಬೆಳಕು ಕಣಗಳಿಗೆ ತಾಗಿ ಚದುರಿ, ಬಂದ ದಿಕ್ಕಿಗೇ ಮರಳುವುದು.

ಹೆಚ್ಚಿನವರು ಇಲ್ಲೇ ತಪ್ಪು ಮಾಡುತ್ತಾರೆ. ಬೆಳಕು ಸಾಲಲಿಲ್ಲ ಎಂದುಕೊಂಡು ಮುಂದಿನ ಪ್ರವಾಸಕ್ಕೆ ಇನ್ನೂ ಪ್ರಖರವಾದ ಟಾರ್ಚ್ ಅಥವಾ ಹತ್ತಾರು ಸಾವಿರ ರೂಪಾಯಿಯ ಫ್ಲ್ಯಾಶ್ ಕೊಳ್ಳುತ್ತಾರೆ. ಅದನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುತ್ತಾರೆ. ಫೋಟೊ ಮೊದಲಿಗಿಂತ ಕೆಟ್ಟದಾಗಿ ಬರುತ್ತದೆ. ಹೈಬೀಮ್ ಹಾಕಿದ ಚಾಲಕನ ಕಥೆಯೇ ಇಲ್ಲೂ ಆಗಿರುತ್ತದೆ. ಬ್ಯಾಕ್‌ಸ್ಕ್ಯಾಟರ್ ಬೆಳಕಿನ ಕೊರತೆಯಿಂದ ಬರುವುದಲ್ಲ, ಬೆಳಕು ತಪ್ಪು ಜಾಗದಿಂದ ಬರುವುದರಿಂದ ಆಗುವುದು. ಜಾಗ ಬದಲಿಸಲು ಹೆಚ್ಚು ಹಣ ಬೇಕಿಲ್ಲ.

ಚುಕ್ಕೆ ಬರುವುದು ಎಲ್ಲಿಂದ?

ಸಮುದ್ರದ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಮರಳಿನ ಪುಡಿ, ಕೆಸರು, ಕೊಳೆತ ಪಾಚಿಯ ಚೂರು, ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳು ತೇಲುತ್ತಲೇ ಇರುತ್ತವೆ. ಡೈವರ್ ಬಿಟ್ಟ ಗಾಳಿಯ ಸಣ್ಣ ಗುಳ್ಳೆಗಳೂ ಅವುಗಳ ಜೊತೆ ಸೇರುತ್ತವೆ. ನಮ್ಮ ಕಣ್ಣು ಮೀನಿನ ಮೇಲೆ ನೆಟ್ಟಿರುವುದರಿಂದ ನಡುವಿನ ಕಣಗಳು ಗಮನಕ್ಕೆ ಬರುವುದಿಲ್ಲ. ಲೆನ್ಸ್ ಪಕ್ಕದಲ್ಲೇ ಫ್ಲ್ಯಾಶ್ ಮಿನುಗಿದಾಗ ಮಾತ್ರ ಅವುಗಳ ಇರವು ಬಯಲಾಗುತ್ತದೆ.

ಇದರ ಹಿಂದೆ ಶಾಲೆಯಲ್ಲಿ ಓದಿದ ಒಂದು ನಿಯಮವಿದೆ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ದೂರ ಹತ್ತು ಪಟ್ಟಾದರೆ ನೂರನೇ ಒಂದು ಪಾಲಿಗೆ. ಕ್ಯಾಮೆರಾದಿಂದ 1 ಮೀಟರ್ ದೂರದಲ್ಲಿ ಮೀನು ಇದೆ, 10 ಸೆಂ.ಮೀ. ದೂರದಲ್ಲಿ ಒಂದು ಮರಳಿನ ಕಣ ತೇಲುತ್ತಿದೆ ಎಂದುಕೊಳ್ಳಿ. ಫ್ಲ್ಯಾಶ್ ಲೆನ್ಸ್‌ಗೆ ಅಂಟಿಕೊಂಡಂತೆ ಇದ್ದರೆ ಆ ಕಣದ ಮೇಲೆ ಬೀಳುವ ಬೆಳಕು ಮೀನಿನ ಮೇಲೆ ಬೀಳುವುದಕ್ಕಿಂತ 100 ಪಟ್ಟು ಹೆಚ್ಚು. ಮೀನಿಗೆ ಹೋಗುವ ದಾರಿಯಲ್ಲಿ ನೀರು ಬೆಳಕನ್ನು ಹೀರಿಕೊಳ್ಳುವುದನ್ನೂ ಸೇರಿಸಿದರೆ ವ್ಯತ್ಯಾಸ ಇನ್ನೂ ದೊಡ್ಡದು. ಜೊತೆಗೆ ಕ್ಯಾಮೆರಾ ಫೋಕಸ್ ಆಗಿರುವುದು ಮೀನಿನ ಮೇಲೆ. ಹಾಗಾಗಿ ಹತ್ತಿರದ ಕಣ ಚಿಕ್ಕ ಬಿಂದುವಾಗಿ ಉಳಿಯದೆ ಊದಿಕೊಂಡು ದುಂಡಗಿನ ಬಿಳಿ ತಟ್ಟೆಯಂತೆ ಕಾಣುತ್ತದೆ.

ಈ ದುಂಡು ತಟ್ಟೆಗಳನ್ನು ನೋಡಲು ಸಮುದ್ರಕ್ಕೇ ಇಳಿಯಬೇಕೆಂದಿಲ್ಲ. ಗಣೇಶ ವಿಸರ್ಜನೆಯ ರಾತ್ರಿ ಗುಲಾಲ್ ಹಾರುವಾಗ ಫ್ಲ್ಯಾಶ್ ಹಾಕಿ ತೆಗೆದ ಫೋಟೊಗಳಲ್ಲೂ ಅವು ಬರುತ್ತವೆ. ದೇವಸ್ಥಾನದ ಅಂಗಳದಲ್ಲಿ ‘ದೈವಿಕ ಗೋಳ’ ಕಾಣಿಸಿಕೊಂಡಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಎಷ್ಟೋ ಚಿತ್ರಗಳ ಗುಟ್ಟು ಇದೇ ಧೂಳು, ಇದೇ ಫ್ಲ್ಯಾಶ್.

ಇಲ್ಲಿ ಒಂದು ವಿಷಯ ಬೇರ್ಪಡಿಸಿ ನೋಡಬೇಕು. ಚುಕ್ಕೆಗಳಿಲ್ಲದೆಯೂ ನೀರಿನೊಳಗಿನ ಚಿತ್ರ ನೀಲಿ-ಹಸಿರಾಗಿ, ಮಬ್ಬಾಗಿ ಬರುವುದುಂಟು. ಅದರಲ್ಲಿ ನೀರಿನದೇ ಪಾತ್ರವಿದೆ. 1921ರಲ್ಲಿ ಹಡಗಿನ ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡ ಸಿ.ವಿ. ರಾಮನ್, ಅದು ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿಕೊಟ್ಟರು. ಅಣುಗಳು ಮಾಡುವ ಈ ಕೆಲಸವನ್ನು ಯಾವ ಕ್ಯಾಮೆರಾವೂ ತಡೆಯಲಾರದು. ನಾವು ಪಳಗಿಸಬಹುದಾದದ್ದು ಕಣಗಳ ಮೇಲೆ ಬೀಳುವ ನಮ್ಮದೇ ಬೆಳಕನ್ನು.

ಸಮುದ್ರಕ್ಕೆ ಮೊದಲು ಅಡುಗೆಮನೆ

ಪುಣೆಯಿಂದ ಮಾಲ್ವಣ್‌ಗೆ ರಸ್ತೆಯಲ್ಲಿ ಸುಮಾರು 350ರಿಂದ 400 ಕಿ.ಮೀ. ಮುರುಡೇಶ್ವರ ಇನ್ನೂ ದೂರ. ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಮತ್ತೆ ಸುಮಾರು 19 ಕಿ.ಮೀ. ಇಷ್ಟು ದೂರ ಹೋಗಿ, ದುಡ್ಡು ಕೊಟ್ಟು, ನೀರಿನಡಿ ಸಿಗುವ ಅರ್ಧ ಮುಕ್ಕಾಲು ಗಂಟೆಯಲ್ಲಿ ಲೈಟ್ ಎತ್ತ ತಿರುಗಿಸಬೇಕು ಎಂದು ಕಲಿಯುವುದು ನಷ್ಟದ ವ್ಯವಹಾರ. ಮನೆಯಲ್ಲೇ ಕಲಿಯಲು ದಾರಿಯಿದೆ.

ಒಂದು ಗಾಜಿನ ಮೀನಿನ ತೊಟ್ಟಿ ಅಥವಾ ನೇರ ಬದಿಯ ದೊಡ್ಡ ಗಾಜಿನ ಪಾತ್ರೆ ತೆಗೆದುಕೊಳ್ಳಿ. ನೀರು ತುಂಬಿಸಿ ನಾಲ್ಕೈದು ಹನಿ ಹಾಲು ಹಾಕಿ, ಚಿಟಿಕೆ ಸೀಮೆಸುಣ್ಣದ ಪುಡಿ ಕಲಕಿ. ಹಿಂಬದಿಯ ಗಾಜಿಗೆ ಹತ್ತಿರವಾಗಿ ನೀರಿನೊಳಗೆ ಒಂದು ಚಮಚವನ್ನೋ ಬಣ್ಣದ ಆಟಿಕೆಯನ್ನೋ ಇಡಿ. ಕೋಣೆಯ ದೀಪ ಆರಿಸಿ. ಈಗ ಮೊಬೈಲ್ ಕ್ಯಾಮೆರಾವನ್ನು ಮುಂಬದಿಯ ಗಾಜಿಗೆ ಒತ್ತಿ ಹಿಡಿದು, ಇನ್ನೊಂದು ಮೊಬೈಲ್‌ನ ಟಾರ್ಚನ್ನು ಲೆನ್ಸ್ ಪಕ್ಕದಲ್ಲೇ ಗಾಜಿಗೆ ಒತ್ತಿ ಒಂದು ಫೋಟೊ ತೆಗೆಯಿರಿ. ಆಮೇಲೆ ಟಾರ್ಚನ್ನು ತೊಟ್ಟಿಯ ಪಕ್ಕದ ಗೋಡೆಗೆ ತಂದು ಚಮಚದ ಹತ್ತಿರ ಹಿಡಿದು ಇನ್ನೊಂದು ತೆಗೆಯಿರಿ.

ಮೊದಲ ಚಿತ್ರದಲ್ಲಿ ಹಾಲಿನ ಮೋಡ ಮತ್ತು ಚುಕ್ಕೆಗಳು, ಎರಡನೆಯದರಲ್ಲಿ ಚಮಚ. ಟಾರ್ಚ್ ಅದೇ, ನೀರು ಅದೇ, ಫೋನ್ ಅದೇ. ಬದಲಾಗಿದ್ದು ಬೆಳಕಿನ ಜಾಗ ಮಾತ್ರ. ಟಾರ್ಚನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹತ್ತಿಪ್ಪತ್ತು ಫೋಟೊ ತೆಗೆದರೆ ಎಲ್ಲಿಂದ ಮಬ್ಬು ಶುರುವಾಗುತ್ತದೆ ಎಂಬುದು ಕೈಗೇ ಅಭ್ಯಾಸವಾಗುತ್ತದೆ.

ಮುಂದಿನ ಹಂತ ಈಜುಕೊಳ. ಈಜುಕೊಳದಲ್ಲೇ ಸ್ಕೂಬಾದ ಪ್ರಾಥಮಿಕ ತರಬೇತಿ ಕೊಡುವ ಕೇಂದ್ರಗಳು ಪುಣೆಯಲ್ಲಿವೆ. ಅವರ ಅನುಮತಿ ಪಡೆದು ಕ್ಯಾಮೆರಾ ಒಯ್ದರೆ ಆಯಿತು. ಖಡಕ್‌ವಾಸ್ಲಾ, ಪಾನ್‌ಶೆತ್ ಅಣೆಕಟ್ಟುಗಳ ಹಿನ್ನೀರಿನಲ್ಲಿ ಈ ಪ್ರಯೋಗ ಖಂಡಿತ ಬೇಡ. ಅಲ್ಲಿ ನೀರು ಕಲಕಿರುತ್ತದೆ ಎಂಬುದು ಸಣ್ಣ ಕಾರಣ, ಪ್ರಾಣಕ್ಕೆ ಅಪಾಯ ಎಂಬುದು ದೊಡ್ಡದು.

ಹತ್ತಿರ ಹೋಗುವುದೇ ಮೊದಲ ಮದ್ದು

ಬ್ಯಾಕ್‌ಸ್ಕ್ಯಾಟರ್‌ಗೆ ಇರುವ ಮದ್ದುಗಳಲ್ಲಿ ಅತಿ ಅಗ್ಗದ್ದೂ ಅತಿ ಪರಿಣಾಮಕಾರಿಯೂ ಆದದ್ದು ಇದು: ಜೂಮ್ ಮಾಡಬೇಡಿ, ಹತ್ತಿರ ಹೋಗಿ.

ಲೆಕ್ಕ ಸರಳ. ಕ್ಯಾಮೆರಾ ನೋಡುವ ಜಾಗ ಲೆನ್ಸ್‌ನಿಂದ ಶುರುವಾಗಿ ಮುಂದಕ್ಕೆ ಅಗಲವಾಗುತ್ತಾ ಹೋಗುವ ಪಿರಮಿಡ್‌ನಂತಿರುತ್ತದೆ. ದೂರವನ್ನು ಅರ್ಧಕ್ಕೆ ಇಳಿಸಿದರೆ ಆ ಪಿರಮಿಡ್‌ನ ಎತ್ತರ ಅರ್ಧ, ಅಗಲ ಅರ್ಧ, ಉದ್ದವೂ ಅರ್ಧ. ಅಂದರೆ ಒಳಗಿರುವ ನೀರು ಎಂಟನೇ ಒಂದು ಪಾಲು. ನೀರಿನ ಜೊತೆ ಕಣಗಳೂ ಎಂಟನೇ ಒಂದಕ್ಕೆ ಇಳಿಯುತ್ತವೆ. ಇಷ್ಟು ದೊಡ್ಡ ಲಾಭವನ್ನು ಯಾವ ಬೆಲೆಯ ಲೈಟ್ ಕೂಡ ಕೊಡುವುದಿಲ್ಲ.

ಆದರೆ ನೀರಿನಲ್ಲಿ ಕಣ್ಣು ಮೋಸ ಮಾಡುತ್ತದೆ. ಮಾಸ್ಕ್‌ನ ಗಾಜಿನ ಮೂಲಕ ನೋಡಿದಾಗ ವಸ್ತುಗಳು ಇರುವುದಕ್ಕಿಂತ ಸುಮಾರು ಶೇ 25ರಷ್ಟು ಹತ್ತಿರ ಇದ್ದಂತೆ ಕಾಣುತ್ತವೆ. 1 ಮೀಟರ್ ದೂರದ ಮೀನು ಮುಕ್ಕಾಲು ಮೀಟರ್‌ನಲ್ಲಿದೆ ಎನಿಸುತ್ತದೆ. ‘ಸಾಕಷ್ಟು ಹತ್ತಿರ ಬಂದೆ’ ಎನಿಸಿದ ಮೇಲೂ ಇನ್ನೊಂದಿಷ್ಟು ಮುಂದೆ ಹೋಗಲು ಜಾಗ ಇರುತ್ತದೆ. ಕೃತಕ ಬೆಳಕು ಬಳಸುವಾಗ 1 ಮೀಟರ್ ಒಳಗೇ ಇರುವುದು ಒಳ್ಳೆಯದು. ಮಾಲ್ವಣ್‌ನಂಥ ಕಡೆ ನೀರು ಕಲಕಿದ ದಿನ ಅದೂ ಹೆಚ್ಚೇ, ಎರಡು ಮೂರು ಗೇಣು ಸಾಕು.

ಇದರಿಂದ ಏನನ್ನು ಫೋಟೊ ತೆಗೆಯಬೇಕು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕಲಕು ನೀರಿನಲ್ಲಿ ದೊಡ್ಡ ಮೀನಿನ ಹಿಂಡನ್ನು ಬೆನ್ನಟ್ಟುವುದಕ್ಕಿಂತ ಬಂಡೆಯ ಮೇಲೆ ಕುಳಿತ ಸಣ್ಣ ಸಮುದ್ರ ಗೊಂಡೆಹುಳು, ಏಡಿ, ಹವಳದ ಸಂದಿಯ ಪುಟ್ಟ ಮೀನುಗಳ ಕಡೆ ತಿರುಗುವುದು ಜಾಣತನ. ಓಲಿಂಪಸ್ ಟಿಜಿ-6, ಅದರ ನಂತರ 2023ರಲ್ಲಿ ಬಂದ ಒಎಂ ಸಿಸ್ಟಮ್ ಟಿಜಿ-7ನಂಥ ಕಾಂಪ್ಯಾಕ್ಟ್ ಕ್ಯಾಮೆರಾಗಳು ಮೈಕ್ರೋಸ್ಕೋಪ್ ಮೋಡ್‌ನಲ್ಲಿ 1 ಸೆಂ.ಮೀ. ದೂರಕ್ಕೂ ಫೋಕಸ್ ಮಾಡುತ್ತವೆ. ಬಜೆಟ್ ಡೈವರ್‌ಗಳಲ್ಲಿ ಇವು ಜನಪ್ರಿಯವಾಗಿರುವುದು ಸುಮ್ಮನೆ ಅಲ್ಲ. ಆ್ಯಕ್ಷನ್ ಕ್ಯಾಮೆರಾಗಳಿಗೆ ಈ ಗುಣವಿಲ್ಲ. ತೀರಾ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಅದಕ್ಕೆ ಮುಂದೆ ಹಾಕುವ ಮ್ಯಾಕ್ರೋ ಲೆನ್ಸ್ ಪ್ರತ್ಯೇಕವಾಗಿ ಸಿಗುತ್ತದೆ.

ಲೈಟ್ ಎಲ್ಲಿರಬೇಕು?

ಕ್ಯಾಮೆರಾದಿಂದ ದೂರ. ಒಂದೇ ಪದದಲ್ಲಿ ಉತ್ತರ ಇದು. ಎಷ್ಟು ದೂರ ಎಂಬುದಕ್ಕೆ ಅನುಭವಿಗಳು ಬಳಸುವ ಅಂದಾಜು: ಲೆನ್ಸ್‌ನಿಂದ ಮೀನು ಎಷ್ಟು ದೂರವೋ ಲೈಟ್ ಕೂಡ ಲೆನ್ಸ್‌ನಿಂದ ಪಕ್ಕಕ್ಕೆ ಹೆಚ್ಚು ಕಡಿಮೆ ಅಷ್ಟೇ ದೂರ.

1926ರಲ್ಲಿ ಅಮೆರಿಕದ ಫ್ಲಾರಿಡಾದ ಡ್ರೈ ಟಾರ್ಟುಗಾಸ್ ಬಳಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ನೀರಿನೊಳಗೆ ಮೊದಲ ಬಣ್ಣದ ಫೋಟೊಗಳನ್ನು ತೆಗೆದಾಗ ಅವರ ಬೆಳಕು ಕ್ಯಾಮೆರಾದ ಮೇಲಿರಲಿಲ್ಲ. ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸಿ ಮೇಲಿಂದ ಬೆಳಕು ಬೀಳುವಂತೆ ಮಾಡಿದ್ದರು. ಆ ಚಿತ್ರಗಳು 1927ರ ಜನವರಿಯ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅಚ್ಚಾದವು. ಅವರಿಗೆ ಬೇಕಿದ್ದದ್ದು ಹೆಚ್ಚು ಬೆಳಕು. ಆದರೆ ಲೆನ್ಸ್‌ನಿಂದ ದೂರದ ಬೆಳಕು ಎಂಬ ಲಾಭವೂ ಅದರ ಜೊತೆ ತಾನಾಗಿ ಸಿಕ್ಕಿತ್ತು.

ಇಂದಿನ ಡೈವರ್‌ಗೆ ತೆಪ್ಪ ಬೇಕಿಲ್ಲ. ಕ್ಯಾಮೆರಾದ ಕೆಳಗೆ ಒಂದು ಪಟ್ಟಿ, ಅದರ ಎರಡು ತುದಿಗೆ ಹಿಡಿಕೆ, ಹಿಡಿಕೆಯಿಂದ ಹೊರಟ ಎರಡು ತೋಳು, ತೋಳಿನ ತುದಿಗೆ ಲೈಟ್. ಇದನ್ನು ಟ್ರೇ ಮತ್ತು ಆರ್ಮ್ ಎನ್ನುತ್ತಾರೆ. ಲೈಟ್ ಪಕ್ಕಕ್ಕೆ ಇರುವುದಷ್ಟೇ ಅಲ್ಲ, ಹೌಸಿಂಗ್‌ನ ಮುಂಭಾಗದ ಗಾಜಿಗಿಂತ ಸ್ವಲ್ಪ ಹಿಂದಕ್ಕೂ ಇರಬೇಕು. ಮುಂದಕ್ಕೆ ಬಂದರೆ ಲೆನ್ಸ್ ಎದುರಿನ ನೀರಿಗೇ ಬೆಳಕು ಬೀಳುತ್ತದೆ.

ಇನ್ನು ಹೊಸಬರಿಗೆ ನಂಬಲು ಕಷ್ಟವಾಗುವ ಸಂಗತಿ. ಲೈಟನ್ನು ಮೀನಿನ ಕಡೆಗೆ ತಿರುಗಿಸಬಾರದು. ಲೈಟಿನ ಬೆಳಕು ಲಾಳಿಕೆಯ ಬಾಯಿಯಂತೆ ಅಗಲವಾಗುತ್ತಾ ಹೋಗುತ್ತದೆ. ಅದರ ನಡುಭಾಗವನ್ನು ಮೀನಿಗೆ ಗುರಿಯಿಟ್ಟರೆ ಒಳ ಅಂಚು ಲೆನ್ಸ್ ಮತ್ತು ಮೀನಿನ ನಡುವಿನ ನೀರನ್ನೆಲ್ಲ ಬೆಳಗಿಸುತ್ತದೆ. ಬದಲಿಗೆ ಲೈಟನ್ನು ನೇರ ಮುಂದಕ್ಕೆ, ಬೇಕಾದರೆ ಸ್ವಲ್ಪ ಹೊರಕ್ಕೇ ತಿರುಗಿಸಿ. ನಡುಭಾಗ ಪಕ್ಕದಲ್ಲಿ ಹಾದುಹೋಗಲಿ, ಒಳ ಅಂಚು ಮಾತ್ರ ಮೀನಿಗೆ ತಾಗಲಿ. ಆಗ ಬೆಳಕು ಮತ್ತು ಲೆನ್ಸ್‌ನ ನೋಟ ಒಂದನ್ನೊಂದು ಸಂಧಿಸುವುದು ಮೀನಿನ ಹತ್ತಿರವೇ. ನಡುವಿನ ಕಣಗಳು ಕತ್ತಲಲ್ಲೇ ಉಳಿಯುತ್ತವೆ. ಎಷ್ಟು ಹೊರಕ್ಕೆ ಎಂದು ತಿಳಿಯಲು ಲೈಟನ್ನು ಪೂರ್ತಿ ಹೊರಕ್ಕೆ ತಿರುಗಿಸಿ ಶುರುಮಾಡಿ. ಒಂದೊಂದು ಫೋಟೊಗೂ ಸ್ವಲ್ಪ ಸ್ವಲ್ಪ ಒಳಕ್ಕೆ ತನ್ನಿ. ಮೀನಿನ ಮೇಲೆ ಬೆಳಕು ಬೀಳತೊಡಗಿದ ಕ್ಷಣ ನಿಲ್ಲಿಸಿ.

ಕಣ್ಣಿನ ಮೋಸ ಇಲ್ಲೂ ಕೆಲಸ ಮಾಡುತ್ತದೆ. ಮೀನು ಹತ್ತಿರ ಇದ್ದಂತೆ ಕಾಣುವುದರಿಂದ, ಕಂಡ ಜಾಗಕ್ಕೆ ಎರಡೂ ಲೈಟ್ ತಿರುಗಿಸಿದರೆ ಬೆಳಕು ಸಂಧಿಸುವುದು ಮೀನಿಗಿಂತ ಮುಂಚೆಯೇ. ಚುಕ್ಕೆಗಳಿಗೆ ಇದಕ್ಕಿಂತ ಒಳ್ಳೆಯ ಆಮಂತ್ರಣ ಬೇಕೇ?

ಅಗ್ಗದ ಟಾರ್ಚ್‌ಗಳಲ್ಲಿ ಒಂದು ತೊಡಕಿದೆ. ಅವುಗಳ ಬೆಳಕು ಕಿರಿದಾಗಿ, ನಡುವೆ ಒಂದು ಪ್ರಖರ ಚುಕ್ಕೆಯಾಗಿ ಬೀಳುತ್ತದೆ. ಅಂಚಿನಲ್ಲಿ ಬಳಸಲು ಹೆಚ್ಚೇನೂ ಬೆಳಕು ಇರುವುದಿಲ್ಲ. ಅಂಥದ್ದನ್ನು ಇನ್ನಷ್ಟು ಪಕ್ಕಕ್ಕೆ ಚಾಚಿ, ಬೆಳಕಿನ ಕೋಲು ಅಡ್ಡಲಾಗಿ ಬಂದು ವಸ್ತುವಿನ ಬಳಿಯಷ್ಟೇ ನೋಟವನ್ನು ದಾಟುವಂತೆ ಹಿಡಿಯಬೇಕು. ಸಣ್ಣ ಜೀವಿಗಳ ಫೋಟೊಗೆ ಒಂದೇ ಲೈಟ್ ಸಾಕು, ಮೇಲಿಂದ ಅಥವಾ ಪಕ್ಕದಿಂದ. ಹೊಸದಾಗಿ ಕೊಳ್ಳುವವರು ಲೂಮೆನ್ ಎಷ್ಟು ಎಂದು ಕೇಳುವ ಮೊದಲು ಬೆಳಕಿನ ಹರವು ಎಷ್ಟು ಡಿಗ್ರಿ, ಅದು ಸಮನಾಗಿ ಹರಡುತ್ತದೆಯೇ ಎಂದು ಕೇಳುವುದು ಲೇಸು.

ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಅನ್ನು ಆಫ್ ಮಾಡಿಡಿ. ಮೊಬೈಲ್‌ ಅನ್ನು ಪ್ಲಾಸ್ಟಿಕ್ ಪೌಚ್‌ನಲ್ಲಿ ಹಾಕಿ ಸ್ನಾರ್ಕ್ಲಿಂಗ್ ಮಾಡುವವರಂತೂ ಮರೆಯಲೇಬಾರದು, ಏಕೆಂದರೆ ಪೌಚ್‌ನ ಪ್ಲಾಸ್ಟಿಕ್ಕೇ ಫ್ಲ್ಯಾಶ್‌ನ ಬೆಳಕನ್ನು ಲೆನ್ಸ್‌ಗೆ ತಿರುಗಿಸಿ ಕಳಿಸುತ್ತದೆ. ಹೊರಗಿನ ಫ್ಲ್ಯಾಶ್ ಅನ್ನು ಚಾಲೂ ಮಾಡಲು ಒಳಗಿನ ಫ್ಲ್ಯಾಶ್ ಬೇಕೇಬೇಕು ಎನ್ನುವ ಕ್ಯಾಮೆರಾಗಳೂ ಇವೆ. ಅಲ್ಲಿ ಹೌಸಿಂಗ್‌ನ ಆ ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ಆಪ್ಟಿಕಲ್ ಫೈಬರ್ ತಂತಿ ಕೂರುವಷ್ಟು ಜಾಗ ಮಾತ್ರ ಬಿಟ್ಟರೆ ಸಾಕು.

ಬೊಹ್ರಿ ಆಳಿಯಲ್ಲಿ ಸಿಗುವ ಸಾಮಾನು

ಬ್ರ್ಯಾಂಡೆಡ್ ಟ್ರೇ ಮತ್ತು ಆರ್ಮ್ ಕೊಳ್ಳಲು ಆಗದವರು ಪುಣೆಯ ರವಿವಾರ ಪೇಟೆಯ ಬೊಹ್ರಿ ಆಳಿಯಂಥ ಹಾರ್ಡ್‌ವೇರ್ ಪೇಟೆಯಲ್ಲಿ ಒಂದು ಸುತ್ತು ಹಾಕಬಹುದು. ಅಲ್ಯೂಮಿನಿಯಂ ಪಟ್ಟಿ, ಅರ್ಧ ಇಂಚಿನ ಪಿವಿಸಿ ಪೈಪ್, ಎಲ್ಬೊ, ಸ್ಟೀಲ್ ನಟ್ಟು ಬೋಲ್ಟು. ಇಷ್ಟರಲ್ಲಿ ಕೆಲವು ನೂರು ರೂಪಾಯಿಗೆ ಕೆಲಸ ನಡೆಯುವಂಥ ಚೌಕಟ್ಟು ಸಿದ್ಧವಾಗುತ್ತದೆ. ಪೈಪ್‌ಗೆ ಅಲ್ಲಲ್ಲಿ ತೂತು ಕೊರೆಯಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿಯಿಂದ ತೋಳು ತೇಲುತ್ತದೆ, ನೀರಿನಡಿ ಕ್ಯಾಮೆರಾ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಸಾಮಾನ್ಯ ಕಬ್ಬಿಣದ ಬೋಲ್ಟು ಒಂದೇ ಪ್ರವಾಸಕ್ಕೆ ತುಕ್ಕು ಹಿಡಿಯುತ್ತದೆ.

ಇದೇ ಅಂಗಡಿಗಳಲ್ಲಿ ಸಿಗುವ ಇನ್ನೆರಡು ವಸ್ತು ಇದಕ್ಕಿಂತಲೂ ಉಪಯುಕ್ತ. ಒಂದು ಕಪ್ಪು ಫೋಮ್ ಹಾಳೆ. ಲೈಟಿನ ಸುತ್ತ ಕುದುರೆಯ ಕಣ್ಣುಪಟ್ಟಿಯಂತೆ ಸುತ್ತಿ, ಲೆನ್ಸ್ ಇರುವ ಬದಿಗೆ ಸ್ವಲ್ಪ ಉದ್ದ ಬಿಟ್ಟರೆ ಒಳಕ್ಕೆ ಸೋರುವ ಬೆಳಕು ನಿಲ್ಲುತ್ತದೆ. ಇನ್ನೊಂದು ಪಿವಿಸಿ ರಿಡ್ಯೂಸರ್ ಅಥವಾ ಪ್ಲಾಸ್ಟಿಕ್ ಲಾಳಿಕೆ. ಒಳಗೂ ಹೊರಗೂ ಕಪ್ಪು ಬಣ್ಣ ಬಳಿದು ಲೈಟಿನ ಮೂತಿಗೆ ಸಿಕ್ಕಿಸಿದರೆ ಬೆಳಕು ಒಂದು ನಾಣ್ಯದಷ್ಟೇ ಜಾಗಕ್ಕೆ ಬೀಳುತ್ತದೆ. ವೃತ್ತಿಪರರು ಸ್ನೂಟ್ ಎಂದು ಕರೆಯುವ ಸಾಧನ ಇದೇ. ಪುಟ್ಟ ಜೀವಿಯ ಮೇಲೆ ಮಾತ್ರ ಬೆಳಕು, ಸುತ್ತ ಕಪ್ಪು, ಚುಕ್ಕೆಗಳಿಗೆ ಬೆಳಕೇ ಇಲ್ಲ. ಗುರಿ ಹಿಡಿಯಲು ಮಾತ್ರ ತಾಳ್ಮೆ ಬೇಕು. ಶಾಖ ಉಗುಳುವ ಲೈಟ್‌ಗೆ ಇದನ್ನು ಹಾಕಿ ನೀರಿನ ಹೊರಗೆ ಉರಿಸಬೇಡಿ.

ಹಾಲಿನ ಬಣ್ಣದ ಡಿಫ್ಯೂಸರ್ ಹಾಕಿದರೆ ಚುಕ್ಕೆ ಹೋಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಡಿಫ್ಯೂಸರ್ ಬೆಳಕನ್ನು ಮೃದುಗೊಳಿಸುತ್ತದೆ, ಅಂಚನ್ನು ಸಮ ಮಾಡುತ್ತದೆ. ಜೊತೆಗೆ ಬೆಳಕನ್ನು ಅಗಲವಾಗಿಯೂ ಹರಡುತ್ತದೆ. ಲೈಟ್ ಮೊದಲೇ ಲೆನ್ಸ್‌ಗೆ ಹತ್ತಿರವಿದ್ದರೆ ಡಿಫ್ಯೂಸರ್‌ನಿಂದ ಚುಕ್ಕೆ ಹೆಚ್ಚಾಗಬಹುದು.

ಮನೆಯಲ್ಲಿ ಮಾಡಿಕೊಳ್ಳಬಾರದ್ದು ಎಂದರೆ ಹೌಸಿಂಗ್ ಮತ್ತು ಬ್ಯಾಟರಿ ಇರುವ ಲೈಟ್. ಲಿಥಿಯಂ ಬ್ಯಾಟರಿಗೆ ಉಪ್ಪುನೀರು ಸೇರುವುದು ತಮಾಷೆಯ ವಿಷಯವಲ್ಲ. ಅಲ್ಲಿ ಉಳಿತಾಯ ಬೇಡ. ಹೊಸ ಹೌಸಿಂಗ್ ತಂದರೆ ಮೊದಲು ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ನೋಡಿ. ಪೇಪರ್ ಒದ್ದೆಯಾಗದಿದ್ದರೆ ಆಮೇಲೆ ಕ್ಯಾಮೆರಾ.

ಲೈಟೇ ಬೇಡ ಎನ್ನುವವರಿಗೆ

ಸ್ವಂತ ಲೈಟ್ ಇಲ್ಲದಿದ್ದರೆ ಚುಕ್ಕೆಗಳ ಕಾಟ ಬಹುಮಟ್ಟಿಗೆ ತಾನಾಗಿ ತಪ್ಪುತ್ತದೆ. ಸಿಂಧುದುರ್ಗ ಕೋಟೆಯ ಸುತ್ತಲಿನ ಆಳವಿಲ್ಲದ ನೀರಿನಲ್ಲಿ ಸ್ನಾರ್ಕ್ಲಿಂಗ್ ಮಾಡುವವರಿಗೆ ಸೂರ್ಯನೇ ದೊಡ್ಡ ಲೈಟ್. ಆ ಬೆಳಕು ಬರುವುದು ಮೇಲಿಂದ, ಲೆನ್ಸ್ ಪಕ್ಕದಿಂದಲ್ಲ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುವಂತೆ ತಿರುಗಿಕೊಳ್ಳಿ, ನೀರು ಅಲುಗದ ಹೊತ್ತು ಆರಿಸಿಕೊಳ್ಳಿ.

ಕಷ್ಟ ಇರುವುದು ಬಣ್ಣದಲ್ಲಿ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮೀನು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆಳಕ್ಕೆ ಇಳಿದಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮತ್ತೆ ಮತ್ತೆ ಹೊಂದಿಸಿಕೊಂಡರೆ, ಅಥವಾ ರಾ ಫೈಲ್‌ನಲ್ಲಿ ತೆಗೆದು ಮನೆಯಲ್ಲಿ ಸರಿಪಡಿಸಿದರೆ ಬಣ್ಣ ಬಹುಪಾಲು ಮರಳುತ್ತದೆ. ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಮೆಜೆಂಟಾ ಫಿಲ್ಟರ್ ಸಿಗುತ್ತವೆ. ಕೊಂಕಣದ ತೀರದಲ್ಲಿ ಹಸಿರು ಛಾಯೆಯೇ ಹೆಚ್ಚು. ಫಿಲ್ಟರ್ ಹಾಕಿದಾಗ ಟಾರ್ಚ್ ಹಚ್ಚಬೇಡಿ, ಹತ್ತಿರದ್ದೆಲ್ಲ ಕೆಂಪಾಗುತ್ತದೆ.

ಲೈಟ್ ಇರುವವರೂ ಸೂರ್ಯನ ಬೆಳಕನ್ನು ಜೊತೆಗೆ ಸೇರಿಸಿಕೊಳ್ಳಬಹುದು. ಬಿಳಿ ಚುಕ್ಕೆ ಎದ್ದು ಕಾಣುವುದು ಕಪ್ಪು ಹಿನ್ನೆಲೆಯಲ್ಲಿ. ಐಎಸ್‌ಒ ಸ್ವಲ್ಪ ಏರಿಸಿ, ಹಿನ್ನೆಲೆಯ ನೀರು ತಿಳಿ ನೀಲಿಯಾಗಿ ಬರುವಂತೆ ಮಾಡಿ, ಫ್ಲ್ಯಾಶ್‌ನ ಶಕ್ತಿ ಇಳಿಸಿದರೆ ಎಷ್ಟೋ ಚುಕ್ಕೆಗಳು ಆ ನೀಲಿಯಲ್ಲಿ ಕರಗಿಹೋಗುತ್ತವೆ.

ಚುಕ್ಕೆ ಎಬ್ಬಿಸುವವರು ನಾವೇ

ತಳದ ಮರಳನ್ನು ಕಲಕುವವರು ಹೆಚ್ಚಾಗಿ ಡೈವರ್‌ಗಳೇ. ಕಾಲಿನ ಫಿನ್ ಮೇಲೆ ಕೆಳಗೆ ಬಡಿದರೆ ಹಿಂದೆ ಧೂಳಿನ ಮೋಡ ಏಳುತ್ತದೆ. ಕಪ್ಪೆಯಂತೆ ಕಾಲನ್ನು ಪಕ್ಕಕ್ಕೆ ಚಾಚಿ ಒಳಕ್ಕೆ ಎಳೆಯುವ ಫ್ರಾಗ್ ಕಿಕ್‌ನಲ್ಲಿ ನೀರು ಹಿಂದಕ್ಕೆ ಹೋಗುತ್ತದೆ, ಕೆಳಕ್ಕಲ್ಲ. ಗುಂಪಿನಲ್ಲಿ ಐದನೆಯವರಾಗಿ ಹೋಗುವ ಬದಲು ಮಾರ್ಗದರ್ಶಿಯ ಹಿಂದೆಯೇ ಇರುವುದು, ನೀರಿನ ಹರಿವಿಗೆ ಎದುರು ಮುಖ ಮಾಡಿ ನಿಲ್ಲುವುದು, ಮರಳು ಎದ್ದರೆ ಒಂದೆರಡು ನಿಮಿಷ ಕಾಯುವುದು. ಇವೆಲ್ಲ ಪುಕ್ಕಟೆ.

ಇಲ್ಲಿ ಫೋಟೊಗಿಂತ ದೊಡ್ಡ ಪ್ರಶ್ನೆಯೂ ಇದೆ. ಹತ್ತಿರ ಹೋಗಿ ಎಂದರೆ ಹವಳದ ಮೇಲೆ ಮೊಣಕೈ ಊರಿ ಎಂದಲ್ಲ. ಮಾಲ್ವಣ್‌ನ ಸಮುದ್ರದ 29.12 ಚದರ ಕಿ.ಮೀ. ಪ್ರದೇಶ 1987ರಿಂದ ಸಾಗರ ಅಭಯಾರಣ್ಯ. ಹವಳ, ಸಮುದ್ರ ಬೀಸಣಿಗೆ, ಸಮುದ್ರಕುದುರೆ, ಸಮುದ್ರ ಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿಗಳು. ಒಳ್ಳೆಯ ಕೋನಕ್ಕಾಗಿ ಅವುಗಳನ್ನು ಸರಿಸುವುದು, ಹವಳ ಹಿಡಿದು ನಿಲ್ಲುವುದು ತಪ್ಪು. ಮುರಿದ ಹವಳದ ತುಂಡು ಮತ್ತೆ ಅಷ್ಟೇ ಬೆಳೆಯಲು ವರ್ಷಗಳು ಬೇಕು. ನೀರಿನಲ್ಲಿ ಅಲುಗದೆ ತೇಲಿ ನಿಲ್ಲುವ ಅಭ್ಯಾಸ ಇನ್ನೂ ಆಗಿಲ್ಲದವರು ಎರಡು ತೋಳಿನ ಚೌಕಟ್ಟು ಹಿಡಿದು ಇಳಿಯಲೇಬಾರದು. ಜೀವನದ ಮೊದಲ ಡೈವ್‌ಗೆ ಕ್ಯಾಮೆರಾ ಇಲ್ಲದೆ ಹೋಗುವುದೇ ಸರಿ.

ಸ್ವಚ್ಛ ಚಿತ್ರದಿಂದ ಬೇರೆ ಉಪಯೋಗವೂ ಇದೆ. ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಹವ್ಯಾಸಿಗಳು ಹಾಕಿದ ಫೋಟೊ ನೋಡಿ ತಜ್ಞರು ಜೀವಿಯನ್ನು ಗುರುತಿಸುತ್ತಾರೆ, ಎಲ್ಲಿ ಯಾವಾಗ ಕಂಡಿತು ಎಂಬ ದಾಖಲೆ ಉಳಿಯುತ್ತದೆ. ಬೆನ್ನ ಮೇಲೆ ಬಿಳಿ ಮಚ್ಚೆಯಿರುವ ಸಣ್ಣ ಜೀವಿಯ ಫೋಟೊದಲ್ಲಿ ಯಾವುದು ಮಚ್ಚೆ, ಯಾವುದು ಮರಳು ಎಂದು ಬೇರ್ಪಡಿಸಲಾಗದಿದ್ದರೆ ಆ ದಾಖಲೆಗೆ ಬೆಲೆ ಇಲ್ಲ.

ಹೊತ್ತು ಗೊತ್ತು ನೋಡಿ

ತಾರ್ಕರ್ಲಿಯ ಪಕ್ಕದ ದೇವಬಾಗ್‌ನಲ್ಲಿ ಕರ್ಲಿ ನದಿ ಸಮುದ್ರ ಸೇರುತ್ತದೆ. ಇಂಥ ನದೀಮುಖದ ಬಳಿ ಇಳಿತದ ಹೊತ್ತಿಗೆ ಕೆಸರು ನೀರು ಹೊರಕ್ಕೆ ಬರುತ್ತದೆ, ಭರತದ ಹೊತ್ತಿಗೆ ಹೊರಗಿನ ತಿಳಿ ನೀರು ಒಳಕ್ಕೆ ಬರುತ್ತದೆ. ಭರತ ತುಂಬಿ ನಿಂತ ಹೊತ್ತು ಫೋಟೊಗೆ ಅನುಕೂಲ. ಭರತ-ಇಳಿತದ ವೇಳಾಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ. ಬುಕಿಂಗ್ ಮಾಡುವಾಗ ಆ ಹೊತ್ತಿನ ಡೈವ್ ಕೇಳಿ ಪಡೆಯಬಹುದು. ದಡದಿಂದ ದೂರವಿರುವ ನೇತ್ರಾಣಿಯಲ್ಲಿ ಕೆಸರಿನ ಕಾಟ ಅಷ್ಟಿಲ್ಲ. ಮಳೆಗಾಲ ಮುಗಿದ ಬೆನ್ನಲ್ಲೇ ಅರಬ್ಬಿ ಸಮುದ್ರದಲ್ಲಿ ಪ್ಲಾಂಕ್ಟನ್ ಹೆಚ್ಚಿರುತ್ತದೆ. ಡಿಸೆಂಬರ್ ಹೊತ್ತಿಗೆ ನೀರು ಸಾಮಾನ್ಯವಾಗಿ ತಿಳಿಯಾಗುತ್ತದೆ.

ಮನೆಗೆ ಬಂದ ಮೇಲೆ

ಎಷ್ಟೇ ಎಚ್ಚರ ವಹಿಸಿದರೂ ನಾಲ್ಕಾರು ಚುಕ್ಕೆ ಉಳಿದೇ ಉಳಿಯುತ್ತವೆ. ಅವನ್ನು ತೆಗೆಯಲು ಮೊಬೈಲ್‌ನಲ್ಲಿ ಸ್ನ್ಯಾಪ್‌ಸೀಡ್‌ನ ಹೀಲಿಂಗ್, ಕಂಪ್ಯೂಟರ್‌ನಲ್ಲಿ ಗಿಂಪ್‌ನ ಹೀಲ್ ಟೂಲ್ ಸಾಕು. ಎರಡೂ ಉಚಿತ. ನೀರಿನ ಹಿನ್ನೆಲೆಯಲ್ಲಿರುವ ಚುಕ್ಕೆಗಳು ಸುಲಭವಾಗಿ ಹೋಗುತ್ತವೆ. ಹಿನ್ನೆಲೆ ಕಪ್ಪಾಗಿದ್ದರೆ ಕಪ್ಪನ್ನು ಇನ್ನಷ್ಟು ಗಾಢ ಮಾಡಿದರೂ ಮಂದ ಚುಕ್ಕೆಗಳು ಮಾಯ. ಮೀನಿನ ಕಣ್ಣಿನ ಮೇಲೋ ಹುರುಪೆಯ ಮೇಲೋ ಕುಳಿತದ್ದನ್ನು ತೆಗೆಯಲು ಹೋದರೆ ಮೀನೇ ಬೇರೆಯಾಗುತ್ತದೆ. ಜೀವಿಯನ್ನು ಗುರುತಿಸಲು ಕಳಿಸುವ ಫೋಟೊದಲ್ಲಿ ಜೀವಿಯ ಮೈಯನ್ನು ಮುಟ್ಟಬೇಡಿ. ಮೂಲ ಫೈಲ್ ಅನ್ನೂ ಇಟ್ಟುಕೊಳ್ಳಿ.

2019ರಲ್ಲಿ ದೆರ್ಯಾ ಅಕ್ಕಾಯ್ನಾಕ್ ಮತ್ತು ತಾಲಿ ಟ್ರೈಬಿಟ್ಸ್ ರೂಪಿಸಿದ ‘ಸೀ-ಥ್ರೂ’ ಎಂಬ ವಿಧಾನ, ನೀರನ್ನೇ ತೆಗೆದುಹಾಕಿದಂತೆ ಚಿತ್ರದ ಬಣ್ಣ ಮರಳಿಸಿ ಸುದ್ದಿಯಾಗಿತ್ತು. ಅದನ್ನು ನೋಡಿ ಇನ್ನು ಮುಂದೆ ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದುಕೊಂಡವರಿದ್ದಾರೆ. ಆದರೆ ಅದು ನೈಸರ್ಗಿಕ ಬೆಳಕಿನ ಚಿತ್ರಗಳಲ್ಲಿನ ಮಬ್ಬು ಮತ್ತು ಬಣ್ಣದ ಲೆಕ್ಕಾಚಾರಕ್ಕೆ ಇರುವಂಥದ್ದು. ಟಾರ್ಚ್ ತಪ್ಪು ಕಡೆ ಹಿಡಿದು ಬಂದ ಬಿಳಿ ಚುಕ್ಕೆಗೆ ಅದು ಮದ್ದಲ್ಲ.

ಜೂನ್‌ನಿಂದ ಸುಮಾರು ಸೆಪ್ಟೆಂಬರ್‌ವರೆಗೆ ಮಾಲ್ವಣ್‌ನಲ್ಲೂ ನೇತ್ರಾಣಿಯಲ್ಲೂ ಡೈವಿಂಗ್ ಬಂದ್ ಇರುತ್ತದೆ. ತೊಟ್ಟಿ, ಟಾರ್ಚ್, ನಾಲ್ಕು ಹನಿ ಹಾಲಿನ ಪ್ರಯೋಗಕ್ಕೆ ಅಷ್ಟು ಸಮಯ ಧಾರಾಳ.